ಅರ್ಧಕ್ಕೆ ನಿಂತ ಲಾರಿ

(ಶಾಲೆಯ ವಾರ್ಷಿಕೋತ್ಸವದಂದು ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪ್ರತಿವರ್ಷವೂ ವಿದ್ವಾಂಸರು ನಿಂತು ಮಾತನಾಡುವುದು ವಾಡಿಕೆ. ಈ ಸಲ ನನ್ನಂಥವನನ್ನು ಕರೆದಿರುವಿರಿ. ನಾನು ಲಾರಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕಾಲ ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದವನು. ಆದುದರಿಂದ ವಿದ್ಯೆಯ ಮಹಿಮೆಯನ್ನು ವರ್ಣಿಸುವ ಭಾರವನ್ನು ನಿಮ್ಮ ಉಪಾಧ್ಯಾಯರಿಗೇ ಬಿಟ್ಟು, ಒಂದು ಹಳೆಯ ಲಾರಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಲಾರಿಯ ಮಾತು ಶಾಲೆಯಲ್ಲೇಕೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ಮುಗುಳ್ನಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ನಮ್ಮ ಹೊಸೂರು ಸೀಮೆಯವರಿಗೆ ಲಾರಿಯೆಂಬುದು ಹೊಸ ಪದಾರ್ಥವೇನೂ ಅಲ್ಲ. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇಲ್ಲಿ ಆರಂಭವಾದ ಮೇಲೆ ಹೊಸ ಲಾರಿಯ ಚಾಸಿಗಳು ಮೈಮೇಲೆ ಬಾಡಿಯಿಲ್ಲದೆ ರಸ್ತೆಯಲ್ಲಿ ಸಾಲಾಗಿ ಓಡುವುದನ್ನು ಇಲ್ಲಿರುವ ಮಕ್ಕಳೆಲ್ಲರೂ ಕಂಡಿದ್ದೀರಿ. ಅದಕ್ಕೂ ಮೊದಲೇ ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆಯ ರಾಗಿ, ಹುಣಿಸೆಹಣ್ಣು, ತರಕಾರಿಗಳು ಲಾರಿಯೇರಿ ಅತ್ತಿಬೆಲೆಯ ಮೇಲಾಗಿ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋಗುತ್ತಿದ್ದುವು. ನಾನು ಹೇಳಲಿರುವ ಲಾರಿ ಅಂಥ ಹೊರೆ ಹೊತ್ತ ಲಾರಿಗಳಲ್ಲಿ ಒಂದು.

ಊರ ಹೊರಗೆ ನನ್ನ ಗೆಳೆಯರೊಬ್ಬರ ಗ್ಯಾರೇಜು ಉಂಟು. ತಮ್ಮ ಹೆಸರನ್ನು ಸಭೆಯಲ್ಲಿ ಎತ್ತಕೂಡದೆಂದು ಅವರು ಷರತ್ತು ಹಾಕಿರುವುದರಿಂದ ಅವರನ್ನು ಗೆಳೆಯರೆಂದೇ ಕರೆಯುತ್ತೇನೆ. ಗ್ಯಾರೇಜಿನ ಹಿಂಭಾಗದ ತಗಡಿನ ಶೆಡ್ಡಿನಲ್ಲಿ 1951ರ ಒಂದು ಷೆವರ್ಲೆ ಲಾರಿ ಇದೆ. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಯವರು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಕಾರುಗಳನ್ನೂ ಲಾರಿಗಳನ್ನೂ ಬಿಡಿಭಾಗಗಳಿಂದ ಜೋಡಿಸುತ್ತಿದ್ದರು. ಉಬ್ಬಿದ ಮೂತಿ, ಮುಂಭಾಗದಲ್ಲಿ ಅಡ್ಡಡ್ಡಲಾಗಿ ಐದು ಪಟ್ಟಿಗಳು, ಗುಂಡನೆಯ ಮಡ್‌ಗಾರ್ಡುಗಳು. ಈ ಮಾದರಿಯನ್ನು 1947ರಲ್ಲಿ ಹೊರತಂದು 1955ರ ಆದಿಭಾಗದವರೆಗೆ ಮಾರಿದರು. ಎಂಜಿನ್ನಿನಲ್ಲಿ ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು. ಒಟ್ಟು ಅಳತೆ 216 ಘನ ಅಂಗುಲಗಳಿಗೆ ಸ್ವಲ್ಪ ಹೆಚ್ಚು, ಎಂದರೆ ಸುಮಾರು ಮೂರೂವರೆ ಲೀಟರು. ಶಕ್ತಿ ಸುಮಾರು 90 ಅಶ್ವಶಕ್ತಿ. ಕುಡಿಯುವುದು ಪೆಟ್ರೋಲು. ಇಂಥ ಎಷ್ಟೋ ಲಾರಿಗಳ ಪೆಟ್ರೋಲ್ ಎಂಜಿನ್ನನ್ನು ಆಮೇಲೆ ಕಿತ್ತು ಡೀಸೆಲ್ ಎಂಜಿನ್ನನ್ನು ಕೂರಿಸಿದರು. ಈ ಲಾರಿಗೆ ಮಾತ್ರ ಆ ಗತಿ ಬರಲಿಲ್ಲ.

ಗೆಳೆಯರ ತಂದೆ ಹದಿನಾಲ್ಕನೆಯ ವಯಸ್ಸಿಗೆ ಲಾರಿ ಕ್ಲೀನರಾಗಿ ಸೇರಿ, ಡ್ರೈವರಾಗಿ, 1962ರಲ್ಲಿ ಸಾಲ ಮಾಡಿ ಈ ಲಾರಿಯನ್ನು ಎರಡನೆಯ ಕೈಯಿಂದ ಕೊಂಡವರು. ಮೂವರು ಹೆಣ್ಣುಮಕ್ಕಳ ಮದುವೆ, ಒಬ್ಬ ಮಗನ ಓದು, ನಾಲ್ಕು ಅಂಕಣದ ಮನೆ, ಎಲ್ಲವೂ ಇದರ ದುಡಿಮೆಯಿಂದಲೇ ಆಯಿತು. 1981ರಲ್ಲಿ ಅದರ ಓಟ ನಿಂತಿತು. ಗುಜರಿಯವರು ಎರಡು ಸಲ ಬಂದು ತೂಕದ ಬೆಲೆ ಹೇಳಿದರೂ ಹಿರಿಯರು ಕೊಡಲಿಲ್ಲ. ಅವರಿಗೆ ಈಗ ಎಂಬತ್ತೈದು.

2011ರಲ್ಲಿ ಮಗನಿಗೆ ಈ ಲಾರಿಯನ್ನು ಮೊದಲಿನಂತೆ ಮಾಡಿ ತಂದೆಯನ್ನು ಕೂರಿಸಿಕೊಂಡು ಬೆಂಗಳೂರಿನ ದಾರಿಯಲ್ಲಿ ಒಂದು ಸಲ ಓಡಿಸಬೇಕೆಂಬ ಆಸೆ ಹುಟ್ಟಿತು. ಆಸೆ ಹುಟ್ಟಿದ ಮೂರೇ ತಿಂಗಳಲ್ಲಿ ಲಾರಿ ಬಿಡಿಬಿಡಿಯಾಯಿತು. ಕ್ಯಾಬಿನ್ನು ಒಂದು ಕಡೆ, ಎಂಜಿನ್ನು ಒಂದು ಕಡೆ, ಚಕ್ರಗಳು ಗೋಡೆಗೆ, ಬೋಲ್ಟು ನಟ್ಟುಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ. ಬಿಚ್ಚುವ ಕೆಲಸದಲ್ಲಿ ಒಂದು ಬಗೆಯ ಮತ್ತುಂಟು. ಪ್ರತಿ ಸಂಜೆಯೂ ಏನೋ ಒಂದು ಕಳಚಿ ಕೈಗೆ ಬರುತ್ತದೆ. ಕೆಲಸ ಭರದಿಂದ ಸಾಗಿದಂತೆ ತೋರುತ್ತದೆ. ಗಡಿಯಾರವನ್ನು ಬಿಚ್ಚಿದ ಹುಡುಗರಿಗೆ ಈ ಸುಖ ಗೊತ್ತು. ಆಮೇಲೆ ಆಗುವುದೂ ಗೊತ್ತು.

ಈ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳಲ್ಲಿ ಇಂದಿನ ಎಂಜಿನ್ನುಗಳಲ್ಲಿರುವಂತೆ ತೆಗೆದು ಹಾಕುವ ಬೇರಿಂಗ್ ಚಿಪ್ಪುಗಳಿಲ್ಲ. ತವರ, ಆಂಟಿಮೊನಿ, ತಾಮ್ರಗಳ ಮಿಶ್ರಲೋಹವನ್ನು ಕರಗಿಸಿ ರಾಡಿನ ಬಾಯಿಗೇ ಹುಯ್ದು, ಅನಂತರ ಕೊರೆದು ಅಳತೆಗೆ ತರಬೇಕು. ನಮ್ಮ ಕೆಲಸಗಾರರು ಇದನ್ನು ವೈಟ್ ಮೆಟಲ್ ಎನ್ನುತ್ತಾರೆ. ಹಿಂದೆ ಊರೂರಿಗೂ ಇದನ್ನು ಹುಯ್ಯುವವರಿದ್ದರು, ಈಗ ಹುಡುಕಬೇಕು. ಗೆಳೆಯರು ಒಂದಿಬ್ಬರನ್ನು ಕೇಳಿದರು. ಒಬ್ಬರು ರಾಡುಗಳನ್ನು ಇಟ್ಟುಕೊಂಡು ಎಂಟು ತಿಂಗಳ ಬಳಿಕ ಹಾಗೆಯೇ ಹಿಂದಿರುಗಿಸಿದರು. ಅಷ್ಟರಲ್ಲಿ 2013 ಬಂದಿತ್ತು. ಕೆಲಸ ನಿಂತಿತು. ಒಂಬತ್ತು ವರ್ಷ ನಿಂತಿತು.

ಇಲ್ಲಿ ಮಕ್ಕಳು ಗಮನಿಸತಕ್ಕ ಒಂದು ಸಂಗತಿ ಉಂಟು. ಸಿಗದೆ ಹೋದದ್ದು ಬೇರಿಂಗು ಮಾತ್ರ. ಬ್ರೇಕು, ಕ್ಯಾಬಿನ್ನಿನ ತಗಡು ಕೆಲಸ, ವೈರುಗಳು, ಸ್ಪ್ರಿಂಗುಗಳು, ರೇಡಿಯೇಟರು, ಇವುಗಳಲ್ಲಿ ಯಾವುದಕ್ಕೂ ಬೇರಿಂಗಿನ ಹಂಗಿರಲಿಲ್ಲ. ಆದರೂ “ಮೊದಲು ಎಂಜಿನ್ ಆಗಲಿ, ಆಮೇಲೆ ನೋಡೋಣ” ಎಂಬ ಒಂದು ಮಾತು ಉಳಿದ ನೂರು ಕೆಲಸಗಳನ್ನು ಒಟ್ಟಿಗೆ ಕಟ್ಟಿಹಾಕಿತು. ಆಮೇಲೆ ಶೆಡ್ಡಿನಲ್ಲಿ ಖಾಲಿ ಜಾಗವಿದೆಯೆಂದು ಚಾಸಿಯ ಮೇಲೆ ರಾಗಿಯ ಮೂಟೆಗಳು ಬಂದು ಕುಳಿತುವು. ಮೂಟೆಗಳ ಮೇಲೆ ಮುರಿದ ಮಂಚ. ಹಬ್ಬಹುಣ್ಣಿಮೆಗೆ ಬಂದ ನೆಂಟರೆಲ್ಲರೂ “ಲಾರಿ ಎಲ್ಲಿಗೆ ಬಂತು?” ಎಂದು ನಗುತ್ತಾ ಕೇಳುವರು. ಕೆಲವು ಕಾಲವಾದ ಮೇಲೆ ಗೆಳೆಯರು ಆ ಶೆಡ್ಡಿನ ಬಾಗಿಲು ತೆರೆಯುವುದನ್ನೇ ಬಿಟ್ಟರು. ಸ್ಪ್ಯಾನರು ಬೇಕಾದರೂ ಹುಡುಗನನ್ನು ಕಳುಹಿಸುತ್ತಿದ್ದರು.

ಅವರನ್ನು ಸೋಮಾರಿಯೆಂದು ಯಾರೂ ಹೇಳಲಾರರು. ಆ ಒಂಬತ್ತು ವರ್ಷಗಳಲ್ಲಿ ಅವರು ಎಷ್ಟು ಜನರ ಟ್ರಾಕ್ಟರು, ಟೆಂಪೊಗಳನ್ನು ರಿಪೇರಿ ಮಾಡಿದರೆಂಬುದಕ್ಕೆ ಲೆಕ್ಕವಿಲ್ಲ. ಹಣಕ್ಕೂ ತೀರ ಕೊರತೆ ಇರಲಿಲ್ಲ. ಹಾಗಾದರೆ ಯಾವುದರ ಕೊರತೆ? ಉತ್ಸಾಹದ್ದು ಎಂದು ಎಲ್ಲರೂ ಹೇಳುತ್ತಾರೆ. ಗೆಳೆಯರೂ ಹಾಗೆಯೇ ಹೇಳುತ್ತಿದ್ದರು: “ಮನಸ್ಸೇ ಬರೋದಿಲ್ಲ ಅಣ್ಣ. ಮನಸ್ಸು ಬಂದ ದಿನ ಶುರು ಮಾಡ್ತೀನಿ.” ನಾನು ಒಪ್ಪದೆ ಇರುವುದು ಈ ಮಾತನ್ನೇ.

ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಾನು ಕಂಡುದನ್ನು ಹೇಳುತ್ತೇನೆ. ಬೆಳಗಿನ ಪಾಳಿಗೆ ಬರುವ ಕೆಲಸಗಾರನಿಗೆ ಎಲ್ಲ ದಿನವೂ ಉತ್ಸಾಹ ಇರುವುದಿಲ್ಲ. ಮನೆಯಲ್ಲಿ ಜಗಳವಾಗಿರಬಹುದು, ಮಗುವಿಗೆ ಜ್ವರವಿರಬಹುದು. ಆದರೂ ಸಂಜೆಗೆ ಲಾರಿಗಳು ಸಾಲಾಗಿ ಹೊರಬರುತ್ತವೆ. ಏಕೆಂದರೆ ಅಲ್ಲಿ ಮುಂದಿನ ಕೆಲಸ ಯಾವುದೆಂದು ಯಾರೂ ಯೋಚಿಸಬೇಕಾಗಿಲ್ಲ. ಅದು ತಾನಾಗಿಯೇ ಕೈಯ ಮುಂದೆ ಬಂದು ನಿಲ್ಲುತ್ತದೆ. ಬೇಕಾದ ಬೋಲ್ಟು ಎಡಗಡೆ, ಸ್ಪ್ಯಾನರು ಬಲಗಡೆ. ಅಮೆರಿಕದಲ್ಲಿ ಹೆನ್ರಿ ಫೋರ್ಡರ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಸಾಲಿನ ಪದ್ಧತಿಯನ್ನು ತಂದಾಗ ಏನಾಯಿತೆಂಬುದು ಪ್ರಸಿದ್ಧವಾಗಿದೆ. ಒಂದು ಕಾರಿನ ಚಾಸಿಯನ್ನು ಜೋಡಿಸಲು ಮೊದಲು ಸುಮಾರು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದಿತು. 1914ರ ಹೊತ್ತಿಗೆ ಅದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಕೆಲಸಗಾರರ ಮನಸ್ಸಿನಲ್ಲಿ ಆ ಒಂದು ವರ್ಷದಲ್ಲಿ ಉತ್ಸಾಹ ಎಂಟು ಮಡಿ ಹೆಚ್ಚಿತೆಂದು ಯಾರೂ ಹೇಳುವುದಿಲ್ಲ. (ಆ ಕೆಲಸದ ಬೇಸರವನ್ನು ತಾಳಲಾರದೆ ಎಷ್ಟೋ ಜನ ಬಿಟ್ಟುಹೋದರೆಂಬುದನ್ನೂ ಮರೆಯತಕ್ಕದ್ದಲ್ಲ. ಮನುಷ್ಯನು ಯಂತ್ರವಾಗಲೆಂದು ನಾನು ಹೇಳುತ್ತಿಲ್ಲ.) ಶೆಡ್ಡಿನಲ್ಲಿ ಒಬ್ಬಂಟಿಯಾಗಿ ನಿಂತವನ ಮುಂದೆ ಹಾಗೆ ಬಂದು ನಿಲ್ಲುವುದು ಒಂದು ಬೋಲ್ಟಲ್ಲ, ಇಡೀ ಲಾರಿ. ಇಡೀ ಲಾರಿಯನ್ನು ಒಮ್ಮೆಗೇ ನೋಡಿದವನ ಕೈ ಸೋಲುವುದು ಸಹಜ.

ನಿಂತ ಕೆಲಸ ನಿಂತಲ್ಲಿಯೇ ಇರುತ್ತದೆಂದು ನಾವು ಭಾವಿಸುತ್ತೇವೆ, ಅದು ನಿಜವಲ್ಲ. ರಾತ್ರಿಯ ತಂಪಿಗೆ ಎಂಜಿನ್ನಿನ ಒಳಗೆ ಇಬ್ಬನಿ ಕೂರುತ್ತದೆ. ನೀರು, ಗಾಳಿಯೊಳಗಿನ ಆಮ್ಲಜನಕ, ಕಬ್ಬಿಣ, ಈ ಮೂರೂ ಸೇರಿದಲ್ಲಿ ತುಕ್ಕು ಸಿದ್ಧ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟಿನಂಥ ಪದಾರ್ಥವನ್ನು ಬಿಟ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದಲೇ ಲೋಹವನ್ನು ಕೆಡಿಸುತ್ತದೆ. ಒಂದೇ ಕಡೆ ಭಾರ ಹೊತ್ತು ನಿಂತ ಟಯರು ಚಪ್ಪಟೆಯಾಗಿ ಬಿರಿಯುತ್ತದೆ. ಬಟ್ಟೆ ಸುತ್ತಿದ ಹಳೆಯ ವೈರುಗಳೆಂದರೆ ಇಲಿಗಳಿಗೆ ಹಬ್ಬ. ಇವೆಲ್ಲಕ್ಕಿಂತ ಬೇಗ ತುಕ್ಕು ಹಿಡಿಯುವುದು ನೆನಪು. ಈ ಬೋಲ್ಟು ಎಲ್ಲಿಯದು, ಈ ವಾಷರು ಮೇಲೆ ಬರುತ್ತಿತ್ತೋ ಕೆಳಗೋ ಎಂಬುದು ಬಿಚ್ಚಿದವನಿಗೆ ಎರಡು ತಿಂಗಳು ನೆನಪಿದ್ದರೆ ಹೆಚ್ಚು. ನಮ್ಮ ವಿದ್ಯಾರ್ಥಿಗಳು ದಸರಾ ರಜೆಯಲ್ಲಿ ನಿಲ್ಲಿಸಿದ ಬೀಜಗಣಿತವನ್ನು ಸಂಕ್ರಾಂತಿಗೆ ತೆರೆದು ನೋಡಿದರೆ ಈ ಮಾತಿನ ಸತ್ಯ ತಿಳಿಯುತ್ತದೆ.

ಹಾಗಾದರೆ ಬಹುಕಾಲ ಬಿದ್ದಿದ್ದ ಯಂತ್ರ ಮತ್ತೆ ಎದ್ದೀತೆ? ಅದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ನಮ್ಮೂರಿನ ಕಾರ್ಖಾನೆಯ ಹೆಸರಿನಲ್ಲಿರುವ ಲೇಲ್ಯಾಂಡ್ ಎಂಬುದು ಇಂಗ್ಲೆಂಡಿನ ಒಂದು ಊರು. ಅಲ್ಲಿಯ ಲೇಲ್ಯಾಂಡ್ ಮೋಟರ್ಸ್ ಕಂಪೆನಿ ಲಾರಿಗಳಿಗೆ ಹೆಸರಾಗಿತ್ತು. ಅದರ ಮುಖ್ಯ ಎಂಜಿನಿಯರಾಗಿದ್ದವರು ಪ್ಯಾರಿ ಥಾಮಸ್. ಅವರು ಆ ಕೆಲಸವನ್ನು ಬಿಟ್ಟು ವೇಗದ ಕಾರುಗಳ ಬೆನ್ನುಹತ್ತಿದರು. ವಿಮಾನಕ್ಕೆಂದು ಮಾಡಿದ್ದ 27 ಲೀಟರಿನ ಎಂಜಿನ್ನನ್ನು ಹೊತ್ತ, ಸರಪಳಿಯಿಂದ ಚಕ್ರ ತಿರುಗುವ ಒಂದು ದೈತ್ಯಾಕಾರದ ಕಾರನ್ನು ಕೊಂಡು, ತಿದ್ದಿ, ಅದಕ್ಕೆ ‘ಬ್ಯಾಬ್ಸ್’ ಎಂದು ಮುದ್ದಿನ ಹೆಸರಿಟ್ಟರು. 1926ರ ಏಪ್ರಿಲಿನಲ್ಲಿ ವೇಲ್ಸ್ ದೇಶದ ಪೆಂಡೈನ್ ಎಂಬ ಕಡಲ ತೀರದ ಮರಳಿನ ಮೇಲೆ ಅದನ್ನು ಗಂಟೆಗೆ 171 ಮೈಲಿಗಳಿಗೂ ಮೀರಿದ ವೇಗದಲ್ಲಿ ಓಡಿಸಿ ಲೋಕದ ದಾಖಲೆಯನ್ನು ಸ್ಥಾಪಿಸಿದರು. ಮರುವರ್ಷ ಬೇರೊಬ್ಬರು ಆ ದಾಖಲೆಯನ್ನು ಮುರಿದಾಗ, ಅದನ್ನು ಮರಳಿ ಪಡೆಯಲು ಹೋಗಿ 1927ರ ಮಾರ್ಚ್ 3ರಂದು ಅದೇ ಮರಳಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಶೋಕತಪ್ತರಾದ ಸಂಗಡಿಗರು ಆ ಕಾರನ್ನು ಅಲ್ಲಿಯೇ ಮರಳುದಿಬ್ಬದಲ್ಲಿ ಹೂತರು.

ನಲವತ್ತೆರಡು ವರ್ಷಗಳ ಮೇಲೆ, 1969ರಲ್ಲಿ, ಓವೆನ್ ವಿನ್ ಓವೆನ್ ಎಂಬ ಅಧ್ಯಾಪಕರು ಅಪ್ಪಣೆ ಪಡೆದು ಅದನ್ನು ಅಗೆದು ತೆಗೆಸಿದರು. ಅವರು ವೇಲ್ಸಿನ ಬ್ಯಾಂಗರ್ ಊರಿನ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದವರು. ಉಪ್ಪುನೀರೂ ಮರಳೂ ನಾಲ್ಕು ದಶಕ ತಿಂದು ಬಿಟ್ಟ ಕಬ್ಬಿಣದ ರಾಶಿ ಹೇಗಿದ್ದಿರಬಹುದೆಂದು ನೀವೇ ಊಹಿಸಬಹುದು. ಅದನ್ನು ಮತ್ತೆ ಓಡುವ ಕಾರನ್ನಾಗಿ ಮಾಡಲು ಅವರಿಗೆ ಸುಮಾರು ಹದಿನೈದು ವರ್ಷಗಳು ಹಿಡಿದುವು. ಓಡಿತು. ಹದಿನೈದು ವರ್ಷವೆಂದರೆ ಎಷ್ಟು ಸಂಜೆಗಳಾದುವೆಂದು ಗಣಿತದಲ್ಲಿ ಚುರುಕಾದ ಮಕ್ಕಳು ಲೆಕ್ಕ ಹಾಕಿರಿ. ಪ್ರತಿಯೊಂದು ಸಂಜೆಯೂ ಉತ್ಸಾಹ ಉಕ್ಕುತ್ತಿದ್ದಿತೆಂದು ನಾನು ನಂಬುವುದಿಲ್ಲ.

ಈಗ ನಮ್ಮ ಶೆಡ್ಡಿಗೆ ಹಿಂದಿರುಗೋಣ. 2022ರಲ್ಲಿ ಹಿರಿಯರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ತಿಳಿಯಾದ ಮೇಲೆ ಒಂದು ದಿನ ಅವರು ತಾವೇ ಕೋಲೂರಿಕೊಂಡು ಹೋಗಿ ಶೆಡ್ಡಿನ ಬಾಗಿಲನ್ನು ತೆಗೆಸಿದರು. ಮಗನಿಗೆ ಎದೆ ಡವಗುಟ್ಟಿತಂತೆ, ಇನ್ನೇನು “ಯಾವಾಗ ಮುಗಿಸ್ತೀಯ?” ಎಂಬ ಪ್ರಶ್ನೆ ಬರುತ್ತದೆಂದು. ಅದು ಬರಲಿಲ್ಲ. ಹಿರಿಯರು ನೆಲದ ಮೇಲೆ ಕೂತಿದ್ದ ಕ್ಯಾಬಿನ್ನನ್ನು ಸುತ್ತಿ ಬಂದು, ಡ್ರೈವರಿನ ಕಡೆಯ ಬಾಗಿಲನ್ನು ಮುಟ್ಟಿ, “ಈ ಗಾಜು ಕೆಳಗೆ ಇಳೀತದೇನಪ್ಪ?” ಎಂದರು. ಇಪ್ಪತ್ತು ವರ್ಷ ಆ ಗಾಜನ್ನು ಇಳಿಸಿ, ಅಂಚಿನ ಮೇಲೆ ಮೊಣಕೈಯಿಟ್ಟು ಲಾರಿ ಓಡಿಸಿದವರು ಅವರು.

ಗಾಜು ಇಳಿಯುತ್ತಿರಲಿಲ್ಲ. ಗೆಳೆಯರು ಅಂದು ಸಂಜೆ ಬಾಗಿಲಿನ ಒಳತಗಡನ್ನು ಬಿಚ್ಚಿದರು. ಗಾಜನ್ನು ಏರಿಸಿ ಇಳಿಸುವ ಹಲ್ಲುಚಕ್ರದ ಮೇಲಿನ ಗ್ರೀಸು ಒಣಗಿ ಅರಗಿನಂತಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ಮರುದಿನ ಕೆರೆದು, ಹೊಸ ಗ್ರೀಸು ಹಚ್ಚಿ, ಗಾಜು ಜಾರುವ ಸಂದಿಗೆ ಹೊಸ ಬಟ್ಟೆಪಟ್ಟಿ ಕೂರಿಸಿ ಹಿಡಿಯನ್ನು ತಿರುಗಿಸಿದರು. ಗಾಜು ಇಳಿಯಿತು. ಎರಡು ಸಂಜೆಯ ಕೆಲಸ, ನೂರು ರೂಪಾಯಿಯ ಖರ್ಚೂ ಇಲ್ಲ. ಹಿರಿಯರು ಒಳಗೆ ಒಂದು ಪೆಟ್ಟಿಗೆಯ ಮೇಲೆ ಕುಳಿತು ಮೊಣಕೈಯನ್ನು ಹೊರಗಿಟ್ಟು ಅರ್ಧ ಗಂಟೆ ಸುಮ್ಮನಿದ್ದರಂತೆ. ಮೂರನೆಯ ಸಂಜೆ ಯಾರೂ ಹೇಳದೆಯೇ ಗೆಳೆಯರು ಎಡಗಡೆಯ ಬಾಗಿಲನ್ನು ಬಿಚ್ಚಿದರು. ಅವರು ಕಾಯುತ್ತಿದ್ದ ಮನಸ್ಸು ಬಂದದ್ದು ಹೀಗೆ, ಕೆಲಸದ ಹಿಂದಿನಿಂದ.

ಮನಶ್ಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1928ರಲ್ಲಿ ಬರ್ಲಿನ್ ನಗರದಲ್ಲಿ ಮರಿಯಾ ಓವ್ಸ್ಯಾಂಕಿನಾ ಎಂಬವರು ಜನರಿಗೆ ಸಣ್ಣಪುಟ್ಟ ಕೆಲಸಗಳನ್ನು ಕೊಟ್ಟು, ನಡುವೆ ಬೇಕೆಂದೇ ತಡೆದು, ಅನಂತರ ಅವರಷ್ಟಕ್ಕೆ ಬಿಟ್ಟರು. ಹೆಚ್ಚಿನವರು ಯಾರ ಒತ್ತಾಯವೂ ಇಲ್ಲದೆ ಅರ್ಧಕ್ಕೆ ನಿಂತ ಕೆಲಸಕ್ಕೇ ಮರಳಿದರು. ಅದಕ್ಕೆ ಒಂದು ವರ್ಷ ಹಿಂದೆ ಅದೇ ಕೂಟದ ಬ್ಲೂಮಾ ಜೈಗಾರ್ನಿಕ್ ಎಂಬವರು, ಮುಗಿದ ಕೆಲಸಕ್ಕಿಂತ ನಿಂತ ಕೆಲಸ ಹೆಚ್ಚು ನೆನಪಿರುತ್ತದೆಂದು ಹೇಳಿದ್ದರು. ಈ ನೆನಪಿನ ಮಾತನ್ನು ಮುಂದಿನ ಪರೀಕ್ಷೆಗಳು ಒಂದೇ ಸಮನೆ ಎತ್ತಿಹಿಡಿದಿಲ್ಲ. ನಿಂತುದಕ್ಕೆ ಮರಳುವ ಸೆಳೆತ ಮಾತ್ರ ಗಟ್ಟಿಯಾದದ್ದೆಂದು ಕಂಡುಬಂದಿದೆ. ಆ ಸೆಳೆತ ಗೆಳೆಯರೊಳಗೂ ಇತ್ತು. ಬಾಗಿಲು ಮುಚ್ಚಿದ್ದಿತು, ಅಷ್ಟೆ.

ಇಲ್ಲಿಂದ ಮುಂದಿನ ಕಥೆಯಲ್ಲಿ ನಿಮ್ಮ ಶಾಲೆಗೂ ಪಾಲುಂಟು. ಗೆಳೆಯರ ಮಗಳು ಆಗ ಇದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಳು. ಅವಳು ಇನ್ನೂರು ಪುಟದ ನೋಟುಪುಸ್ತಕದಲ್ಲಿ ಲಾರಿಯ ಉಳಿದ ಕೆಲಸಗಳನ್ನು ಬರೆಯತೊಡಗಿದಳು. ನಾನು ಹೇಳಿಕೊಟ್ಟ ನಿಯಮ ಒಂದೇ: ಒಂದು ಸಂಜೆಯಲ್ಲಿ ಮುಗಿಯದ ಕೆಲಸ ಆ ಪಟ್ಟಿಯಲ್ಲಿ ಇರಕೂಡದು. ‘ಎಂಜಿನ್’ ಎಂದು ಬರೆದಿದ್ದುದನ್ನು ಅವಳೇ ಹೊಡೆದುಹಾಕಿ, ‘ಪ್ಲಗ್ಗಿನ ಆರು ರಂಧ್ರಗಳಿಗೆ ಎಣ್ಣೆ ಬಿಡುವುದು’ ಎಂದು ಬರೆದಳು. ‘ಬ್ರೇಕ್’ ಎಂಬುದು ಒಡೆದು ಇಪ್ಪತ್ತಾರು ಸಾಲುಗಳಾಯಿತು. ಇನ್ನೊಂದು ಜಾಣತನವನ್ನು ಅವಳು ತಾನಾಗಿಯೇ ಮಾಡಿದಳು: 2011ರಿಂದ ಆಗಿದ್ದ ಕೆಲಸಗಳನ್ನೂ ಮೊದಲ ಪುಟಗಳಲ್ಲಿ ಬರೆದು, ಮುಂದೆ ಸರಿ ಗುರುತು ಹಾಕಿದಳು. ತನ್ನ ಒಂಬತ್ತು ವರ್ಷದ ಸೋಲೆಂದು ಭಾವಿಸಿದ್ದ ರಾಶಿಯಲ್ಲಿ ಮುಗಿದ ಕೆಲಸ ಇಷ್ಟೊಂದು ಇತ್ತೆ ಎಂದು ತಂದೆಗೇ ಬೆರಗಾಯಿತು.

ಅವಳಿಗೆ ತಿಳಿಯದೆಯೇ ಅವಳು ಮಾಡಿದ್ದನ್ನು ಅಮೆರಿಕದಲ್ಲಿ ನ್ಯೂನ್ಸ್ ಮತ್ತು ಡ್ರೇಜ಼್ ಎಂಬ ಇಬ್ಬರು ಸಂಶೋಧಕರು ಕಾರು ತೊಳೆಯುವ ಒಂದು ಅಂಗಡಿಯಲ್ಲಿ ಪ್ರಯೋಗಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಕೆಲವು ಗಿರಾಕಿಗಳಿಗೆ ಎಂಟು ಮುದ್ರೆಗಳಾದರೆ ಒಂದು ಸಲ ಉಚಿತವೆಂಬ ಚೀಟಿಯನ್ನು ಕೊಟ್ಟರು. ಬೇರೆ ಕೆಲವರಿಗೆ ಹತ್ತು ಮುದ್ರೆಗಳ ಚೀಟಿ, ಆದರೆ ಎರಡು ಮುದ್ರೆಗಳನ್ನು ಮೊದಲೇ ಒತ್ತಿ ಕೊಟ್ಟರು. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಲ. ಆದರೂ ಬರಿಯ ಚೀಟಿಯವರಲ್ಲಿ ನೂರಕ್ಕೆ 19 ಮಂದಿ ಮಾತ್ರ ಕೊನೆ ಮುಟ್ಟಿದರು. ಎರಡು ಮುದ್ರೆ ಪಡೆದವರಲ್ಲಿ ನೂರಕ್ಕೆ 34 ಮಂದಿ. ಆರಂಭವಾಗಿಯೇ ಇದೆಯೆಂದು ಕಣ್ಣಿಗೆ ಕಂಡರೆ ಮುಂದುವರಿಸುವುದು ಸುಲಭ.

ಡಬ್ಬಿಗಳಿಗೆಲ್ಲ ಅವಳು ಕನ್ನಡದಲ್ಲಿ ಚೀಟಿ ಅಂಟಿಸಿದಳು. ಗ್ಯಾಸ್ಕೆಟ್ಟಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನ್ನನ್ನು ಕೇಳಿದಳು. ಗ್ಯಾಸ್ಕೆಟ್ಟೆಂದೇ ಎನ್ನುತ್ತಾರಮ್ಮ ಎಂದೆ. ಪಂಡಿತರು ಕ್ಷಮಿಸಬೇಕು.

ಪ್ರತಿದಿನ ಸಂಜೆ ಆರೂವರೆಯಿಂದ ಏಳೂವರೆ; ಅದಕ್ಕಿಂತ ಹೆಚ್ಚಿಲ್ಲ. ಬಾಗಿಲು ಹಾಕುವ ಮೊದಲು ಮರುದಿನದ ಕೆಲಸಕ್ಕೆ ಬೇಕಾದ ಭಾಗ, ಸ್ಪ್ಯಾನರು, ಚಿಂದಿಬಟ್ಟೆಗಳನ್ನು ಒಂದು ಹಲಗೆಯ ಮೇಲಿಟ್ಟು ಮುಚ್ಚಿ ಹೋಗುವುದು. ಇದೇ ನಮ್ಮ ಶೆಡ್ಡಿಗೆ ಬಂದ ಫೋರ್ಡರ ಸಾಲು. ಬಾಗಿಲು ತೆಗೆದವನ ಮುಂದೆ ಇಡೀ ಲಾರಿಯ ಬದಲು ಒಂದು ಹಲಗೆ ಇರುತ್ತದೆ. ಕಚ್ಚಿಕೊಂಡಿದ್ದ ಎಂಜಿನ್ನಿಗೆ ದಿನವೂ ಎಣ್ಣೆ ಬಿಟ್ಟು, ಅವಸರದಿಂದ ಹೊಡೆಯದೆ, ದಿನಕ್ಕೊಂದು ಸಲ ಹ್ಯಾಂಡಲಿಗೆ ಮೆಲ್ಲನೆ ಕೈಯಿಟ್ಟು ನೋಡಿದರು. ಹದಿನೇಳನೆಯ ದಿನ ಅದು ಬೆರಳಗಲ ತಿರುಗಿತು. ವೈಟ್ ಮೆಟಲ್ ಹುಯ್ಯುವವರೂ ಕೊನೆಗೆ ಸಿಕ್ಕರು, ಕೊಯಮತ್ತೂರಿನ ಕಡೆ; ಹಳೆಯ ಪಂಪುಸೆಟ್ಟುಗಳ ಎಂಜಿನ್ನಿಗೆ ಇಂದಿಗೂ ಹುಯ್ಯುವ ಒಬ್ಬ ವೃದ್ಧರು. ಒಂಬತ್ತು ವರ್ಷ ಸಿಗದವರು ಹುಡುಕತೊಡಗಿದ ನಾಲ್ಕನೆಯ ತಿಂಗಳಲ್ಲಿ ಸಿಕ್ಕರು.

ಎಂಜಿನ್ನಿಗೆ ಮೊದಲು ಕಿಡಿ ತಾಕಿಸಿದ ದಿನ ನಾನೂ ಅಲ್ಲಿದ್ದೆ. ಈ ಲಾರಿಯ ವಿದ್ಯುತ್ತು ಆರೇ ವೋಲ್ಟು. ಸಿಲಿಂಡರುಗಳು ಉರಿಯುವ ಕ್ರಮ 1, 5, 3, 6, 2, 4. ಎರಡು ಸಲ ಕೆಮ್ಮಿ, ಒಂದು ಸಲ ಹೊಗೆಯುಗುಳಿ, ಮೂರನೆಯ ಸಲ ಎಂಜಿನ್ ಹಿಡಿದುಕೊಂಡಿತು. ನಾವೆಲ್ಲ ಹಿರಿಯರ ಮುಖವನ್ನೇ ನೋಡುತ್ತಿದ್ದೆವು; ಕಣ್ಣಲ್ಲಿ ನೀರು ಬರುತ್ತದೆಂದು ನಾನು ಎಣಿಸಿದ್ದೆ. ಅವರು ತಲೆಯನ್ನು ಓರೆಮಾಡಿ ಕೇಳಿ, “ಒಂದು ಹೊಡೀತಾ ಇಲ್ಲ, ನೋಡು” ಎಂದರು. ಮಗನು ಓಡುತ್ತಿರುವ ಎಂಜಿನ್ನಿನ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಕಿತ್ತು ನೋಡಿದರು. ಹೊಡೆಯುತ್ತಿರುವ ಸಿಲಿಂಡರಿನ ವೈರನ್ನು ಕಿತ್ತರೆ ಸದ್ದು ಕುಂಟುತ್ತದೆ. ಸತ್ತ ಸಿಲಿಂಡರಿನದನ್ನು ಕಿತ್ತರೆ ಏನೂ ವ್ಯತ್ಯಾಸವಿಲ್ಲ. ಮೂರನೆಯದರಲ್ಲಿ ವ್ಯತ್ಯಾಸವಿರಲಿಲ್ಲ. ನಲವತ್ತು ವರ್ಷಗಳಾಚೆಗೂ ಆ ಕಿವಿಗೆ ತುಕ್ಕು ಹಿಡಿದಿರಲಿಲ್ಲ.

ಪೋಷಕರಲ್ಲಿ ಒಂದು ಮಾತು. ನಿಮ್ಮ ಮಕ್ಕಳ ಕೈಯಲ್ಲಿಯೂ ನಿಂತ ಲಾರಿಗಳು ಇರುತ್ತವೆ. ಅರ್ಧ ಕಲಿತ ಹಾರ್ಮೋನಿಯಂ, ಅರ್ಧ ಹೆಣೆದ ಸ್ವೆಟರು, ಹತ್ತನೆಯ ತರಗತಿಯ ಗಣಿತ. “ಯಾವಾಗ ಮುಗಿಸುತ್ತೀಯೆ?” ಎಂದು ಕೇಳಬೇಡಿರಿ. ಆ ಪ್ರಶ್ನೆಗೆ ಉತ್ತರವಿಲ್ಲದವನು ಪ್ರಶ್ನೆ ಕೇಳುವವರಿಂದಲೂ ಆ ಕೆಲಸದಿಂದಲೂ ದೂರ ಸರಿಯುತ್ತಾನೆ. “ಇಂದು ಏನು ಮಾಡಿದೆ, ತೋರಿಸು” ಎಂದು ಕೇಳಿ, ತೋರಿಸಿದುದನ್ನು ಕೂತು ನೋಡಿರಿ. ಹಿರಿಯರು ಗಾಜಿನ ಬಗ್ಗೆ ಕೇಳಿದ್ದರ ಬದಲು ಬೆಂಗಳೂರಿನ ಪ್ರಯಾಣದ ಬಗ್ಗೆ ಕೇಳಿದ್ದರೆ ಆ ಬಾಗಿಲು ಮತ್ತೆ ಮುಚ್ಚುತ್ತಿತ್ತೆಂದೇ ನನ್ನ ನಂಬಿಕೆ.

ಹಾಗೆಂದು ನಿಂತುದನ್ನೆಲ್ಲ ಮುಗಿಸಲೇಬೇಕೆಂಬ ಹಟವೂ ನನಗೆ ಸಮ್ಮತವಲ್ಲ. ಗೆಳೆಯರ ಹಿತ್ತಿಲಿನಲ್ಲಿ ಇನ್ನೊಂದು ಹಳೆಯ ಲಾರಿಯ ಚಾಸಿ ಬಿದ್ದಿತ್ತು. ಅಗ್ಗವಾಗಿ ಸಿಕ್ಕಿತೆಂದು ಕೊಂಡಿದ್ದರು. ಇದು ಮುಗಿದರೆ ಯಾರಿಗೆ ಬೇಕು ಎಂದು ನಾನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಮರುವಾರ ಅದನ್ನು ಗುಜರಿಗೆ ತೂಗಿಸಿಕೊಟ್ಟರು. ಆ ಹಣದಿಂದ ಈ ಲಾರಿಗೆ ಟಯರುಗಳು ಬಂದುವು.

ಲಾರಿ ಇನ್ನೂ ಮುಗಿದಿಲ್ಲ. ಕ್ಯಾಬಿನ್ನು ಚಾಸಿಯ ಮೇಲೆ ಕುಳಿತಿದೆ, ಬಣ್ಣ ಬಂದಿಲ್ಲ. ಹಿಂದಿನ ಮರದ ಬಾಡಿಗೆ ಹಲಗೆಗಳನ್ನು ಕೊಯ್ಸಿ ನೆರಳಿನಲ್ಲಿ ಒಣಗಲು ಇಟ್ಟಿದ್ದಾರೆ. ನೋಟುಪುಸ್ತಕದಲ್ಲಿ ಇನ್ನು ಐವತ್ತೆಂಟು ಸಾಲುಗಳಿವೆ. ಈ ದಿನದ ಸಾಲು, ಹಿಂದಿನ ಎಡಚಕ್ರದ ಬ್ರೇಕಿನ ಪೈಪನ್ನು ಬಗ್ಗಿಸುವುದು. ಹಿರಿಯರಿಗೆ ಓಡಿಸಲು ವೈದ್ಯರ ಅನುಮತಿಯಿಲ್ಲ. ಪಕ್ಕದಲ್ಲಿ ಕೂರುವುದಕ್ಕೆ ಅವರು ಒಪ್ಪಿದ್ದಾರೆ, ಎಡಗಡೆಯ ಗಾಜೂ ಸರಿಯಾಗಿ ಇಳಿಯಬೇಕೆಂಬ ಷರತ್ತಿನ ಮೇಲೆ. ನೋಡಬೇಕೆಂಬ ಮಕ್ಕಳು ಸಂಜೆ ಆರೂವರೆಗೆ ಬರಬಹುದೆಂದು ಗೆಳೆಯರು ತಿಳಿಸಿದ್ದಾರೆ. ಶಾಲೆಯ ಸಮವಸ್ತ್ರದಲ್ಲಿ ಬರಬೇಡಿರಿ. ಗ್ರೀಸಿನ ಕಲೆ ಹೋಗುವುದಿಲ್ಲ, ಆಮೇಲೆ ತಾಯಂದಿರು ನನ್ನನ್ನು ಬಯ್ಯುತ್ತಾರೆ.